ಹದಿನೆಂಟು ದಿನ ಬಾಯಿ ಬಿಡದ ದೇವೀಂದ್ರಪ್ಪ

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಎಂದರೆ ಇವತ್ತಿಗೂ ದೇವೀಂದ್ರಪ್ಪನೇ. ನೌಕರಿ ಮುಗಿದು ನಾಲ್ಕು ವರ್ಷವಾಯಿತು, ಖಾಕಿ ಅಂಗಿ ಟ್ರಂಕಿನ ತಳ ಸೇರಿತು. ಆದರೂ ಯಾವುದಾದರೂ ಬಸ್ಸು ಬಂದು ನಿಂತರೆ ಅವನ ಕಣ್ಣು ಮೊದಲು ಬಾಗಿಲಿಗೇ ಹೋಗುತ್ತದೆ. ಇಳಿದವರೆಷ್ಟು, ಹತ್ತಿದವರೆಷ್ಟು ಎಂದು ತುಟಿ ತಾನಾಗಿಯೇ ಎಣಿಸುತ್ತದೆ. ಕಲಬುರಗಿಯಿಂದ ಹುಮನಾಬಾದಿನವರೆಗಿನ ಹಾದಿಯನ್ನು ಮೂವತ್ತೊಂದು ವರ್ಷ ಸವೆಸಿದವನು. ಯಾವ ಬೇವಿನ ಮರದ ಕೆಳಗೆ ಯಾವ ಸ್ಟೇಜು ಮುಗಿಯುತ್ತದೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಮಹಾಗಾಂವ ಕ್ರಾಸಿಗೆ ಟಿಕೆಟ್ ತೆಗೆಸಿ ಕಮಲಾಪುರದವರೆಗೆ ಬರಲು ನೋಡಿದ ಸ್ವಂತ ಹೆಂಡತಿಯ ತಮ್ಮನನ್ನೂ ಬಿಟ್ಟವನಲ್ಲ. ಅಕ್ಕನ ಮನೆಗೆ ಉಣ್ಣಲು ಬಂದವನಿಗೂ ಟಿಕೆಟ್ ಹರಿಯುವವನು ಎಂದು ಬೀಗರೆಲ್ಲ ಆಡಿಕೊಂಡು ನಕ್ಕರು. ಅವನು ಮೀಸೆಯಲ್ಲೇ ನಕ್ಕ.

ಆದರೆ ಅವನು ಯಾರನ್ನೂ ಹಾದಿ ನಡುವೆ ಇಳಿಸಿದವನೂ ಅಲ್ಲ. ನಿದ್ದೆ ಹತ್ತಿ ತನ್ನ ಊರು ದಾಟಿದ ಮುದುಕಿಯಿರಲಿ, ಕುಡಿದು ಕಣ್ಣು ತೆರೆಯದ ಕೂಲಿಯವನಿರಲಿ, ಮುಂದಿನ ಸ್ಟೇಜಿಗೆ ಇನ್ನೊಂದು ಟಿಕೆಟ್ ಹರಿದು, ಕೂತಲ್ಲೇ ಕೂಡಿಸಿ, ಮುಂದೆ ಕರೆದೊಯ್ಯುವುದು ಅವನ ಪದ್ಧತಿ. ಟಿಕೆಟ್ ಮುಗಿದರೆ ಇನ್ನೊಂದು ಹರಿದರಾಯಿತು, ಮನುಷ್ಯನನ್ನು ಅಡವಿಯಲ್ಲಿ ಬಿಡಬಾರದು. ಲೋಕವೆಲ್ಲ ಹೀಗೇ ನಡೆಯುತ್ತದೆ ಎಂದು ಅವನು ನಂಬಿದ್ದ. ಆ ನಂಬಿಕೆಯೇ ಅವನ ಮನೆಯ ಹೊಸ್ತಿಲಿಗೆ ಮುಳ್ಳಾಯಿತು.

ಅವನ ಒಬ್ಬಳೇ ಮಗಳು ಅಂಬಿಕಾ ಗಂಡನೊಂದಿಗೆ ಶಾರ್ಜಾದಲ್ಲಿದ್ದಳು. ಅಳಿಯ ಮಲ್ಲು ಅಲ್ಲಿ ಎಸಿ ರಿಪೇರಿಯವನು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ದೀಪ ಹಚ್ಚಿದ ಮೇಲೆಯೇ ಮರಳಿ ಬರುವವನು. ಮದುವೆಯಾಗಿ ಏಳು ವರ್ಷಕ್ಕೆ ಅಂಬಿಕಾಳ ಹೊಟ್ಟೆಯಲ್ಲಿ ಚಿಗುರು ಮೂಡಿತ್ತು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಆದರೆ ಐದು ತಿಂಗಳಿಗೇ ನೆತ್ತರು ಕಾಣಿಸಿಕೊಂಡು, ವಿಮಾನ ಹತ್ತಕೂಡದೆಂದು ಅಲ್ಲಿಯ ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳಲ್ಲಿಗೆ ಹೋಗಬೇಕಲ್ಲವೇ? ದೇವೀಂದ್ರಪ್ಪ ಹೆಂಡತಿ ವಿಮಲಾಬಾಯಿಯ ಪಾಸ್‌ಪೋರ್ಟ್ ಹಿಡಿದುಕೊಂಡು ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಜೀಶಾನನ ಟ್ರಾವೆಲ್ಸ್ ಅಂಗಡಿಗೆ ಹೋದ. ಜೀಶಾನನ ಅಪ್ಪ ಇದೇ ಹಾದಿಯಲ್ಲಿ ಡ್ರೈವರ್ ಆಗಿದ್ದವನು, ದೇವೀಂದ್ರಪ್ಪನ ಜೊತೆಗೇ ಡ್ಯೂಟಿ ಮಾಡಿದವನು. ಆ ಸಲುಗೆಯ ಮೇಲೆ ಹುಡುಗ ಇವನನ್ನು ಕಾಕಾ ಎನ್ನುತ್ತಿದ್ದ.

“ಕಾಕಾ, ವೀಸಾದಾಗ ಎರಡು ನಮೂನಿ ಅವ,” ಎಂದ ಜೀಶಾನ್. “ಒಂದು ತುಟ್ಟಿ, ಹದಿನೈದು ದಿನ ತಡಾನೂ ಆಗ್ತದ. ಅದಕ್ಕ ಅಲ್ಲೇ ಕುಂತು ಮುಂದಿನ ತಾರೀಖ ಹಾಕಸ್ಕೋಬಹುದು. ಇನ್ನೊಂದು ಪ್ಯಾಕೇಜಿಂದು, ಮೂರು ದಿನದಾಗ ಬರ್ತದ. ಅರವತ್ತು ದಿನಕ್ಕ ಖತಂ.”

“ಮೂರು ದಿನದ್ದೇ ಮಾಡಪಾ. ಅರವತ್ತು ದಿನ ಭಾಳಾತು. ಮ್ಯಾಲ ಬೇಕಾದ್ರ ಅಲ್ಲೇ ಇನ್ನೊಂದು ಹರಸ್ಕೊಂಡ್ರಾತು.”

“ಇದು ನಿಮ್ಮ ಬಸ್ ಅಲ್ರಿ ಕಾಕಾ.”

“ಹಾಂ ಹಾಂ, ಗೊತ್ತದ. ನಿಮ್ಮಪ್ಪಗ ಹಾದಿ ತೋರ್ಸಿದಾಂವ ನಾನು. ನನಗ ನೀ ಹೇಳ್ತಿ?”

ಹುಡುಗ ಪಾಸ್‌ಪೋರ್ಟ್ ತೆಗೆದುಕೊಂಡು ಕಾಗದ ತುಂಬತೊಡಗಿದ. ಹಿರಿಯರ ಮಾತಿಗೆ ಎದುರಾಡದ ಮನೆತನ.

ಈಗ ವಿಮಲಾಬಾಯಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳ ತವರು ಮಹಾಗಾಂವ. ಮೂವತ್ನಾಲ್ಕು ವರ್ಷದ ಹಿಂದೆ ಅಲ್ಲಿಯೇ ಅವಳ ಚೊಚ್ಚಲ ಗಂಡು ಕೂಸು ಹುಟ್ಟಿತ್ತು. ಅವಳ ತಾಯಿ ದಿನಾ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿ ನೀರು ಹಾಕುತ್ತಿದ್ದಳು. ಆ ಮನೆತನದಲ್ಲಿ ಒಂದು ಕಟ್ಟಳೆ: ಕೂಸಿಗೆ ಮೊದಲ ನೀರು ಹಾಕಿದ ಕೈಯೇ ನಲವತ್ತು ದಿನ ತಪ್ಪದೆ ಹಾಕಬೇಕು, ಅಷ್ಟೂ ದಿನ ಆ ಹೆಂಗಸು ಊರ ಸೀಮೆ ದಾಟಬಾರದು. ಹದಿನೆಂಟನೆಯ ದಿನ ದೇವೀಂದ್ರಪ್ಪನ ತಾಯಿ ಕಮಲಾಪುರದಲ್ಲಿ ತೀರಿಕೊಂಡಳು. ಅವನು ತನ್ನ ಬಸ್ಸಿನಲ್ಲೇ ಹೋಗಿ ಬಾಣಂತಿ, ಕೂಸು, ಅತ್ತೆ ಮೂವರನ್ನೂ ಮಣ್ಣಿಗೆ ಕರೆತಂದ. ಸೀಮೆ ಎಂದು ಅತ್ತೆ ತಡೆದಾಗ ಇವನೇ ಗದರಿಸಿ ಹತ್ತಿಸಿದ್ದ. ಕೂಸಿಗೆ ಮೂರನೆಯ ದಿನಕ್ಕೆ ಜ್ವರ ಬಂತು, ಏಳನೆಯ ದಿನಕ್ಕೆ ಕೂಸು ತೀರಿಕೊಂಡಿತು. ಕಲಬುರಗಿಯ ಡಾಕ್ಟರ್ ಎದೆಯಲ್ಲಿ ಕಫ ತುಂಬಿದ್ದು ಎಂದು ಹೇಳಿದರು. ವಿಮಲಾಬಾಯಿ ಆ ಮಾತನ್ನು ಕೇಳಿಸಿಕೊಂಡಳು, ನಂಬಲಿಲ್ಲ. ಗಂಡನಿಗೆ ಒಂದು ದಿನವೂ ಬಿರುನುಡಿ ಆಡಲಿಲ್ಲ. ಆದರೆ ಮುಂದೆ ಕಮಲಾಪುರದಲ್ಲಿ ನಾದಿನಿಯರಿಗೆ, ನೆರೆಹೊರೆಯವರಿಗೆ, ಬಡ ಬಾಣಂತಿಯರಿಗೆ ಎಷ್ಟು ಕೂಸಿಗೆ ನೀರು ಹಾಕಿದಳೋ ಅಷ್ಟು ಸಲವೂ ನಲವತ್ತು ದಿನ ಊರಾಚೆಯ ಹಳ್ಳ ದಾಟಲಿಲ್ಲ. ಸ್ವಂತ ತಮ್ಮನ ಮದುವೆಗೂ ಹೋಗಲಿಲ್ಲ. ಊರ ಹೆಂಗಸರು ಅವಳ ಕೈಯನ್ನು ನಂಬಿದ್ದು ಅದಕ್ಕೇ.

ವಿಮಲಾಬಾಯಿ ಶಾರ್ಜಾಕ್ಕೆ ಇಳಿದ ಒಂಬತ್ತನೆಯ ದಿನಕ್ಕೆ, ದಿನ ತುಂಬುವ ಮೊದಲೇ, ಅಂಬಿಕಾಳಿಗೆ ಹೆಣ್ಣು ಕೂಸಾಯಿತು. ಅಂಗೈ ಅಗಲದ ಜೀವ. ಆಸ್ಪತ್ರೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿ ಮಗಳು ದಿನಾ ಹೋಗಿ ಗಾಜಿನಾಚೆಯಿಂದ ನೋಡಿ ಬರುವುದು. ಸಂಜೆ ವಿಮಲಾಬಾಯಿ ಗಂಡನಿಗೆ ಫೋನು ಮಾಡಿ ಕೂಸಿನ ತೂಕ ಎಷ್ಟು ಗ್ರಾಂ ಏರಿತು ಎಂದು ಹೇಳುವುದು. ಹೀಗೇ ದಿನ ಸರಿದವು.

ನಲವತ್ತನೆಯ ದಿನ ಜೀಶಾನ್ ಫೋನು ಮಾಡಿ ದೇವೀಂದ್ರಪ್ಪನನ್ನು ಅಂಗಡಿಗೆ ಕರೆಸಿದ. ಅವತ್ತು ಅವನು ಹೇಳಿದ್ದು ಒಂದೊಂದೂ ಕಾದ ಸಲಾಕೆಯಾಗಿತ್ತು. ಈ ವೀಸಾ ಅಲ್ಲಿ ಕೂತಲ್ಲೇ ಮುಂದುವರಿಯುವುದಿಲ್ಲ. ಇರುವುದು ಎರಡೇ ಹಾದಿ: ಅರವತ್ತು ತುಂಬುವುದರೊಳಗೆ ವಾಪಸು ಬರುವುದು, ಇಲ್ಲವೆ ಬಸ್ಸಿನಲ್ಲಿ ಗಡಿ ದಾಟಿ ಒಮಾನ್ ದೇಶಕ್ಕೆ ಹೋಗಿ, ಪಾಸ್‌ಪೋರ್ಟಿನ ಮೇಲೆ ಹೊರಗೆ ಹೋದ ಮುದ್ರೆ ಬಿದ್ದ ಮೇಲೆ ಹೊಸ ವೀಸಾ ತೆಗೆಸಿ ಒಳಗೆ ಬರುವುದು. ಮೂರನೆಯದು, ಸುಮ್ಮನೆ ಕೂತುಬಿಡುವುದು. ಹಾಗೆ ಕೂತರೆ ದಿನದಿನಕ್ಕೆ ದಂಡ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ವೀಸಾ ಕೊಡಿಸಿದ ಅಲ್ಲಿಯ ಕಂಪನಿಯವರು ಸರಕಾರಕ್ಕೆ ಬರೆದುಕೊಡುತ್ತಾರೆ.

“ಏನಂತ ಬರೀತಾರ?”

“ಓಡಿ ಹೋಗ್ಯಾರ ಅಂತ.”

“ಯಾರು, ನಿಮ್ಮ ಕಾಕಿ?” ದೇವೀಂದ್ರಪ್ಪ ಕೂತಲ್ಲಿಂದ ಎದ್ದ. “ಐವತ್ತಾರು ವರ್ಷದ ಹೆಣಮಗಳು, ಮಗಳ ಬಾಣಂತನಕ್ಕ ಹೋದಾಕಿ, ಓಡಿ ಹೋಗ್ಯಾಳಂತ ಬರೀತಾರ?”

“ಕಾಗದಕ್ಕ ಏನ್ ಗೊತ್ರಿ ಕಾಕಾ. ಮುಂದ ಆ ದೇಶದ ಬಾಗಲಾ ಕಾಯಂ ಬಂದ್. ಮಲ್ಲಣ್ಣನ ನೌಕರಿಗೂ ತ್ರಾಸು. ನನ್ನ ಮಾತು ಕೇಳ್ರಿ. ಕೂಸು ಇನ್ನಾ ದವಾಖಾನ್ಯಾಗ ಅದ, ಈಗಲೇ ಕಾಕಿ ದಾಟಿ ಬರ್ಲಿ. ಆಮ್ಯಾಲ ಕೂಸು ಮನಿಗೆ ಬಂದ್ರ ಬಿಟ್ಟು ಹೋಗೂದು ಕಠಿಣ ಆಗ್ತದ.”

ದಾಟಿ ಬರಲಿ. ಆ ಎರಡು ಶಬ್ದ ದೇವೀಂದ್ರಪ್ಪನ ಜೊತೆ ಬಸ್ಸು ಹತ್ತಿ ಕಮಲಾಪುರದವರೆಗೂ ಬಂದವು. ಮೂವತ್ನಾಲ್ಕು ವರ್ಷದ ಹಿಂದೆ ಹೆಂಡತಿಗೂ ಅತ್ತೆಗೂ ದಾಟಿರಿ ಎಂದವನು ತಾನೇ. ಈಗ ಮತ್ತೆ ಅದೇ ಬಾಯಿಂದ, ಅದೇ ಹೆಣ್ಣಿಗೆ, ಇನ್ನೊಂದು ಕೂಸಿನ ಹೊತ್ತಿಗೆ ಅದೇ ಮಾತು ಹೇಗೆ ಹೇಳುವುದು? ಸಂಜೆ ವಿಮಲಾಬಾಯಿಯ ಫೋನು ಬಂತು. ಕೂಸು ಇವತ್ತು ಕೈ ಮುಷ್ಟಿ ಬಿಚ್ಚಿತಂತೆ. ಇನ್ನೊಂದು ವಾರಕ್ಕೆ ಮನೆಗೆ ಬಿಡುತ್ತಾರಂತೆ. ಬಂದ ಮರುದಿನವೇ ತಾನು ಮೊದಲ ನೀರು ಹಾಕುವವಳಂತೆ. ಅವನು ಬಾಯಿ ತೆರೆದ, ಊಟ ಆಯಿತೇ ಎಂದು ಕೇಳಿದ, ಫೋನು ಇಟ್ಟ. ಅಳಿಯ ವೀಸಾದ ತಾರೀಖು ನೆನಪಿಸಿದಾಗಲೂ, ಅದನ್ನು ತನಗೆ ಬಿಟ್ಟುಬಿಡಿ, ಜೀಶಾನ್ ನಮ್ಮ ಮನೆಯ ಹುಡುಗ, ಇಲ್ಲಿಂದಲೇ ಆಗುತ್ತದೆ ಎಂದು ಗತ್ತಿನಿಂದ ಹೇಳಿದ. ಹಾಗೆ ಹೇಳುವಾಗ ಅರ್ಧ ನಂಬಿಯೂ ಇದ್ದ. ಎಲ್ಲೋ ಒಬ್ಬ ಅಧಿಕಾರಿ ಇರುತ್ತಾನೆ, ಅವನಿಗೂ ಹೆಂಡತಿ ಮಕ್ಕಳಿರುತ್ತಾರೆ, ಇನ್ನೊಂದು ಚೀಟಿ ಹರಿದು ಕೊಡುತ್ತಾನೆ.

ಆ ಅಧಿಕಾರಿಯನ್ನು ಹುಡುಕುತ್ತ ಅವನು ಕಲಬುರಗಿಯ ಬೀದಿಗಳಲ್ಲಿ ಚಪ್ಪಲಿ ಸವೆಸಿದ. ಪಾಸ್‌ಪೋರ್ಟ್ ಕಚೇರಿಯಲ್ಲಿ, ತಾವು ಪಾಸ್‌ಪೋರ್ಟ್ ಕೊಡುವವರು, ಪರದೇಶದ ವೀಸಾ ತಮ್ಮ ಕೈಯಲ್ಲಿಲ್ಲ ಎಂದು ತಿಳಿಸಿ ಹೇಳಿದರು. ಜೇವರ್ಗಿ ಕಾಲೋನಿಯ ವಕೀಲರೊಬ್ಬರು ಚಹಾ ಕುಡಿಸಿ, ಪಕ್ಕದ ದೇಶಕ್ಕೆ ಹೋಗಿ ಬರುವುದೊಂದೇ ದಾರಿ ಎಂದರು. ಸ್ಟೇಶನ್ ಬಜಾರಿನ ಉಳಿದ ಅಂಗಡಿಗಳಲ್ಲೂ ಅದೇ ಮಾತು. ಕೂಸು ನಾಜೂಕಾಗಿದೆ, ಅಜ್ಜಿ ಬೇಕೇಬೇಕು ಎಂದು ಅಳಿಯನ ಮೂಲಕ ಅಲ್ಲಿಯ ಡಾಕ್ಟರರಿಂದ ಬರೆಸಿ ತರಿಸಿದ. ಜೀಶಾನ್ ಅದನ್ನು ಕಂಪನಿಗೆ ಕಳಿಸಿದ. ರೋಗಿ ಕೂಸು, ವೀಸಾ ಇರುವುದು ಅಜ್ಜಿಗೆ, ಅಜ್ಜಿಗೆ ಯಾವ ರೋಗವೂ ಇಲ್ಲ ಎಂದು ಉತ್ತರ ಬಂತು. ದೇವೀಂದ್ರಪ್ಪ ಆ ಸಾಲನ್ನು ಮೂರು ಸಲ ಓದಿಸಿ ಕೇಳಿದ. ಕಮಲಾಪುರಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವನಿಗೆ, ಅಜ್ಜಿಗೆ ಏನಾದರೂ ರೋಗ ಬರಬಾರದೇ ಎಂಬ ಯೋಚನೆ ಸುಳಿಯಿತು. ಮರುಗಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೊಳ್ಳೆಯೇ ಎಂದು ಕೇಳಿದಳು.

ನಲವತ್ತಾರನೆಯ ದಿನ ಕೂಸು ಮನೆಗೆ ಬಂತು. ನಲವತ್ತೇಳನೆಯ ದಿನ, ನಮ್ಮಲ್ಲಿ ಹನ್ನೊಂದೂವರೆಯ ಹೊತ್ತಿಗೆ, ವಿಮಲಾಬಾಯಿ ಮೊದಲ ನೀರು ಹಾಕಿದಳು. ಹೊಗೆ ಬೇಡ, ನೀರು ಉಗುರುಬೆಚ್ಚಗಿರಲಿ, ಬೇಗ ಒರೆಸಿ ಸುತ್ತಿಬಿಡಿ ಎಂದು ಡಾಕ್ಟರ್ ಹೇಳಿದ್ದನ್ನು ಅವಳು ಒಪ್ಪಿದ್ದಳು. ಲೋಬಾನದ ಪೊಟ್ಟಣವನ್ನು ಚೀಲದಿಂದ ಹೊರಗೇ ತೆಗೆದಿರಲಿಲ್ಲ. ಅಂಬಿಕಾ ಫೋನು ಹಿಡಿದು ಅಪ್ಪನಿಗೆ ತೋರಿಸಿದಳು. ಮೊಣಕಾಲ ಮೇಲೆ ಮುಷ್ಟಿಯಷ್ಟು ತಲೆ, ಅದರ ಮೇಲೆ ಹೆಂಡತಿಯ ಅಂಗೈ.

“ನೋಡ್ರಿ ಇಲ್ಲಿ, ನೀರು ಬಿದ್ದಕೂಡ್ಲೇ ಕಣ್ಣು ಬಿಟ್ಟಾಳ ನಿಮ್ಮ ಮೊಮ್ಮಗಳು,” ಎಂದಳು ವಿಮಲಾಬಾಯಿ. ಆ ದನಿಯಲ್ಲಿ ಅಂಥ ಹಿಗ್ಗನ್ನು ದೇವೀಂದ್ರಪ್ಪ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಇನ್ನು ಅವಳಿಗೆ ನಲವತ್ತು ದಿನದ ಕಟ್ಟು ಬಿತ್ತು, ಕೈಯಲ್ಲಿರುವುದು ಹದಿಮೂರು ದಿನ. ಅವನಿಗೆ ಇದು ಗೊತ್ತು, ಅವಳಿಗೆ ಗೊತ್ತಿಲ್ಲ. ನೀರು ಭಾಳ ಬಿಸಿ ಮಾಡಬೇಡ ಎಂದಷ್ಟೇ ಹೇಳಿದ.

ಆಮೇಲೆ ಅವನಿಗೆ ರೊಟ್ಟಿ ಇಳಿಯಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದವನ ಹಾಗೆ ನುಂಗಲಾರ, ಉಗುಳಲಾರ. ದಿನಾ ಬೆಳಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ ಜೀಶಾನನ ಅಂಗಡಿಯ ಬೆಂಚಿನ ಮೇಲೆ ಕೂಡುವನು. ಜೀಶಾನ್ ಅವನಿಗೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಐವತ್ತೆಂಟನೆಯ ದಿನ ಮಾತ್ರ, ಬಾಗಿಲ ಪರದೆ ಇಳಿಬಿಟ್ಟು, ಎದುರಿಗೆ ಸ್ಟೂಲು ಎಳೆದುಕೊಂಡು ಕೂತ.

“ಕಾಕಾ, ಇನ್ನ ಎರಡೇ ದಿನ. ನೀವು ಹೇಳ್ತೀರೋ, ನಾ ಹೇಳ್ಲೋ?”

ದೇವೀಂದ್ರಪ್ಪ ಅಲ್ಲಿಂದಲೇ ಫೋನು ಹಚ್ಚಿದ. ಎಲ್ಲವನ್ನೂ ಹೇಳಿದ, ತಾರೀಖು ಸಮೇತ ಹೇಳಿದ.

“ನಿಮಗ ಗೊತ್ತಾಗಿ ಎಷ್ಟು ದಿನಾತು?” ಎಂದಳು ವಿಮಲಾಬಾಯಿ.

“ಹದಿನೆಂಟು.”

“ಹದಿನೆಂಟು ದಿನದ ಹಿಂದ ಕೂಸು ಪೆಟ್ಟಿಗ್ಯಾಗ ಇತ್ತು. ನಾ ಇನ್ನಾ ನೀರು ಹಾಕಿದ್ದಿಲ್ಲ.”

ದೇವೀಂದ್ರಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಆವಾಗ ಹೇಳಿದ್ರ ಎದ್ದು ದಾಟಿ ಬರ್ತಿದ್ದೆ. ಬಂದು ಸಮಾಧಾನದಿಂದ ನೀರು ಹಾಕ್ತಿದ್ದೆ. ಸೀಮಿ ದಾಟಬಾರ್ದು ಅಂತ ಇರೋದು ನೀರು ಹಾಕಿದ ಮ್ಯಾಲ್ರಿ. ನಿಮಗ ಗೊತ್ತಿದ್ದಿಲ್ಲೇನು?”

ಅವನಿಗೆ ಗೊತ್ತಿತ್ತು. ಮೂವತ್ನಾಲ್ಕು ವರ್ಷ ಅವಳ ಕಟ್ಟಳೆಯ ಜೊತೆ ಬಾಳಿದವನಿಗೆ ಗೊತ್ತಿರದೆ ಹೇಗೆ? ಆದರೆ ಹೆದರಿಕೆಗೆ ಕಣ್ಣಿಲ್ಲ. ದಾಟುವುದು ಎಂಬ ಶಬ್ದ ಕೇಳಿದ್ದೇ ತಡ ಅವನು ಚೊಚ್ಚಲ ಕೂಸಿನ ಹಳೆಯ ಕುಣಿಯ ಕಡೆ ನೋಡಿದ್ದನೇ ಹೊರತು, ಕಾಲ ಬುಡದಲ್ಲಿದ್ದ ಏಳು ದಿನದ ಹಾದಿಯನ್ನು ನೋಡಿರಲಿಲ್ಲ. ಹೆಂಡತಿಯನ್ನು ಆ ಸಂಕಟದಿಂದ ಉಳಿಸುತ್ತೇನೆಂದು ಹೋಗಿ ತಾನೇ ಅವಳನ್ನು ಅದರೊಳಗೆ ನೂಕಿದ್ದ. ರಾಶಿ ಮುಗಿದ ಮೇಲೆ ಬೀಸುವ ಗಾಳಿಯಂತೆ ಎಲ್ಲ ಈಗ ತಿಳಿಯಿತು.

“ಮಲ್ಲಣ್ಣಗ ಗಾಡಿ ನೋಡಂತ ನಾನೇ ಹೇಳ್ತೀನಿ,” ಎಂದು ವಿಮಲಾಬಾಯಿ ಫೋನು ಇಟ್ಟಳು.

ಮರುದಿನ ಅವಳು ಕೂಸಿಗೆ ನಸುಕಿನಲ್ಲೇ ನೀರು ಹಾಕಿ, ಮಗಳ ಮಡಿಲಿಗೆ ಕೊಟ್ಟು, ಗಡಿಯ ಬಸ್ಸು ಹತ್ತಿದಳು. ಹೊಸ ವೀಸಾ ಅವತ್ತೇ ಸಿಗುತ್ತದೆಂದು ನಂಬಿ, ಸಂಜೆಯೊಳಗೆ ಬರುತ್ತೇನೆಂದು ಅಂಬಿಕಾಳಿಗೆ ಹೇಳಿದ್ದಳು. ಒಮಾನ್ ಕಡೆಯಲ್ಲಿ ಕೂರಲು ಹತ್ತು ದಿನದ ಚೀಟಿ ಸಿಕ್ಕಿತು. ಅವಳಂತೆಯೇ ಕಾಯುತ್ತಿದ್ದ ಆರು ಹೆಂಗಸರಿದ್ದ ಕೋಣೆಯಲ್ಲಿ ಒಂದು ಮಂಚ ಸಿಕ್ಕಿತು. ಹೊಸ ವೀಸಾ ಮಾತ್ರ ಬರಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಜೊತೆಗಿದ್ದ ಹೈದರಾಬಾದಿನ ಫರೀದಾ ಎಂಬಾಕೆಗೆ ಬಂತು, ಇವಳಿಗೆ ಬರಲಿಲ್ಲ. ಶಾರ್ಜಾದಿಂದ ಅಂಬಿಕಾ ಫೋನು ಮಾಡಿದರೆ ಮಾತು ಹತ್ತುವಷ್ಟರಲ್ಲಿ ಕಡಿದು ಹೋಗುತ್ತಿತ್ತು. ಹತ್ತಿದಾಗಲೂ ಅಳುವೇ ಹೆಚ್ಚು. ಕೂಸಿಗೆ ನೀರು ಹಾಕಲು ಅವಳಿಗೆ ಕೈ ಬಾರದು. ಹಿಡಿದರೆ ಜಾರಿಬಿಡುತ್ತದೆಂಬ ಹೆದರಿಕೆ. ಆ ಹೆದರಿಕೆಗೆ ಎದೆಹಾಲೂ ಇಳಿಮುಖವಾಯಿತು. ಮೂರನೆಯ ದಿನ ಕೂಸು ಹಾಲು ಕುಡಿಯದೆ ನಿದ್ದೆಯಲ್ಲೇ ಇತ್ತು. ಮಲ್ಲು ಕೆಲಸ ಬಿಟ್ಟು ಆಸ್ಪತ್ರೆಗೆ ಒಯ್ದ. ತೂಕ ಇಳಿದಿದೆ, ಎರಡು ತಾಸಿಗೊಮ್ಮೆ ಎಬ್ಬಿಸಿ ಕುಡಿಸಿ ಎಂದು ಹೇಳಿ ಕಳಿಸಿದರು.

ದೇವೀಂದ್ರಪ್ಪ ಈ ಸುದ್ದಿಯನ್ನೆಲ್ಲ ಅಳಿಯನ ಬಾಯಿಂದ ಕೇಳಿದ. ಹೆಂಡತಿ ಅವನ ಫೋನು ಎತ್ತುತ್ತಿರಲಿಲ್ಲ. ಶರಣಬಸವೇಶ್ವರರ ಗುಡಿಯ ಕಂಬಕ್ಕೆ ಒರಗಿ ಕೂತ ಒಂದು ಮಧ್ಯಾಹ್ನ ಬೇಡಿಕೊಳ್ಳಬೇಕೆಂದರೂ ಏನು ಬೇಡಬೇಕೆಂದು ಅವನಿಗೆ ತಿಳಿಯಲಿಲ್ಲ. ವೀಸಾ ಎನ್ನಲೇ, ಹಾಲು ಎನ್ನಲೇ, ಕಳೆದುಹೋದ ಏಳು ದಿನ ಎನ್ನಲೇ? ಸುಮ್ಮನೆ ಎದ್ದು ಬಂದ.

ಐದನೆಯ ದಿನ ಉತ್ತರ ಬಂತು. ಇಲ್ಲ ಎಂದಿತ್ತು, ಕಾರಣ ಬರೆದಿರಲಿಲ್ಲ. ಜೀಶಾನ್ ಇನ್ನೊಂದು ಕಂಪನಿಯಿಂದ ಹಾಕಿಸಿ ನೋಡಿದ; ಎಂಟನೆಯ ದಿನ ಅದಕ್ಕೂ ಇಲ್ಲ ಎಂದೇ ಬಂತು. ಆ ಕಡೆಯ ಚೀಟಿಯೂ ಮುಗಿಯುತ್ತ ಬಂದಿತ್ತು. ಉಳಿದದ್ದು ಊರಿನ ಹಾದಿ ಒಂದೇ. ಜೀಶಾನ್ ಮಸ್ಕತ್‌ನಿಂದ ಹೈದರಾಬಾದಿಗೆ ಟಿಕೆಟ್ ಮಾಡಿಸಿ, ಅದರ ಪ್ರತಿಯನ್ನು ದೇವೀಂದ್ರಪ್ಪನ ಕೈಗೆ ಕೊಟ್ಟಾಗ ಮುಖ ನೋಡಲಿಲ್ಲ.

ಹೈದರಾಬಾದಿನ ಬಸ್ಸು ಬೆಳಗ್ಗೆ ಹತ್ತೂವರೆಗೆ ಕಮಲಾಪುರಕ್ಕೆ ಬಂತು. ವಿಮಲಾಬಾಯಿ ಇಳಿದಳು. ಒಂದೇ ಚೀಲ. ಅವಳ ಬಟ್ಟೆಬರೆಯೆಲ್ಲ ಮಗಳ ಮನೆಯಲ್ಲೇ ಉಳಿದಿತ್ತು, ಸಂಜೆಯೊಳಗೆ ಮರಳುವವಳಾಗಿ ಹೋಗಿದ್ದಳಲ್ಲ. ದೇವೀಂದ್ರಪ್ಪ ಚೀಲಕ್ಕೆ ಕೈಚಾಚಿದ, ಅವಳು ಕೊಡಲಿಲ್ಲ. ಇಬ್ಬರೂ ಹಿಂದೆ ಮುಂದೆ ಮನೆಯ ಹಾದಿ ಹಿಡಿದರು. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತಿದ್ದ ಮಲ್ಲಿಕಾ ಎಂಬವಳು, ವಿಮಲಾಬಾಯಿಯ ಕೈಯಲ್ಲಿ ಎರಡು ಕೂಸಿನ ಬಾಣಂತನ ಮುಗಿಸಿದವಳು, ಎದುರಾಗಿ ಮೊಮ್ಮಗಳ ಸುದ್ದಿ ಕೇಳಿದಳು. ವಿಮಲಾಬಾಯಿ ತಲೆಯಾಡಿಸಿ ಮುಂದೆ ಹೋದಳು.

ಮನೆಯಲ್ಲಿ ಅವಳು ಕೂರಲಿಲ್ಲ, ಚಹಾ ಕುಡಿಯಲಿಲ್ಲ. ಮುಖ ತೊಳೆದು, ಒಲೆಯ ಮೇಲೆ ನೀರಿಟ್ಟು, ಗೋಡೆಯ ಗಡಿಯಾರ ನೋಡಿದಳು. ಮಗಳಿಗೆ ತಾನೇ ಫೋನು ಹಚ್ಚಿದಳು. ಅಳಬೇಡ, ಬಚ್ಚಲಿಗೆ ಹೋಗು, ಗೋಡೆಗೆ ಬೆನ್ನು ಕೊಟ್ಟು ಕೂತು ಕಾಲು ಚಾಚು, ಫೋನನ್ನು ಎದುರಿಗೆ ನಿಲ್ಲಿಸು ಎಂದಳು. ಅತ್ತ ಅಂಬಿಕಾ, ತನ್ನಿಂದ ಆಗುವುದಿಲ್ಲವೆಂದು ಬಿಕ್ಕಿದಳು.

“ಯವ್ವಾ, ನನ್ನ ಕೈ ಇನ್ನ ಅಲ್ಲಿಗೆ ಬರಂಗಿಲ್ಲ,” ಎಂದಳು ವಿಮಲಾಬಾಯಿ. “ನಿನ್ನ ಕೈಯೇ ಕಲೀಬೇಕು. ನಾ ಮಾಡ್ದಂಗ ಮಾಡು.”

ಅವಳು ಒಂದು ಟವೆಲನ್ನು ಸುರುಳಿ ಸುತ್ತಿ, ಅದರ ಒಂದು ತುದಿಯನ್ನು ತಲೆಯ ಹಾಗೆ ಗಂಟು ಕಟ್ಟಿ, ತಾನೂ ಬಚ್ಚಲಲ್ಲಿ ಕಾಲು ಚಾಚಿ ಕೂತು ಮೊಣಕಾಲ ಮೇಲೆ ಮಲಗಿಸಿಕೊಂಡಳು. ಆಮೇಲೆ ಫೋನನ್ನು ಮೇಲಕ್ಕೆತ್ತಿ ಗಂಡನ ಕಡೆ ಚಾಚಿದಳು. ಊರಿಗೆ ಬಂದು ಅವನ ಜೊತೆ ಆಡಿದ ಮೊದಲ ಮಾತು ಅದೇ.

“ಹಿಡೀರಿ. ಆಕಿಗೆ ನನ್ನ ಕೈ ಕಾಣ್ಬೇಕು, ಮಾರಿ ಅಲ್ಲ.”

ದೇವೀಂದ್ರಪ್ಪ ಮೊಣಕಾಲೂರಿ ಎರಡೂ ಕೈಯಲ್ಲಿ ಫೋನು ಹಿಡಿದ. ವಿಮಲಾಬಾಯಿ ಎಡಗೈಯನ್ನು ಗಂಟಿನ ಕೆಳಗೆ ಕೊಟ್ಟಳು. ಹೆಬ್ಬೆರಳು ಇಲ್ಲಿರಬೇಕು, ಕಿವಿಗೆ ನೀರು ಹೋಗದಂತೆ ಎಂದಳು. ಬಲಗೈಯಿಂದ ಚೊಂಬಿನ ನೀರನ್ನು ಮೊದಲು ತನ್ನ ಮುಂಗೈ ಮೇಲೆ ಬಿಟ್ಟು ನೋಡಿ, ಆಮೇಲೆ ಟವೆಲಿನ ಮೇಲೆ ಸಣ್ಣಗೆ ಹರಿಸಿದಳು. ಅತ್ತ ಅಂಬಿಕಾಳ ಕೈ ಅದನ್ನೇ ಮಾಡಿತು. ಕೂಸು ಮೈ ಸೆಟೆದು, ಬಾಯಿ ತೆರೆದು, ದನಿಯಿಲ್ಲದೆ ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಕಿರ್ರೆಂದು ಅತ್ತಿತು. ಅಂಬಿಕಾ ಕೈ ನಿಲ್ಲಿಸಿದಳು.

“ಅಳ್ಲಿ. ನೀ ಹಾಕು,” ಎಂದಳು ತಾಯಿ.

ಕೂಸಿನ ಎಲುಬು ಎಣಿಸುವಂತಿದ್ದವು. ನಾಳೆ ತೂಕ ಏರುತ್ತದೋ ಇಳಿಯುತ್ತದೋ ಯಾರೂ ಹೇಳುವಂತಿರಲಿಲ್ಲ. ಟವೆಲು ತೊಯ್ದು ತೊಪ್ಪೆಯಾಗಿ ನೀರು ವಿಮಲಾಬಾಯಿಯ ಕಾಲುಂಗುರದ ಮೇಲೆ ಹರಿದು, ದೇವೀಂದ್ರಪ್ಪನ ಧೋತರವನ್ನೂ ನೆನೆಸಿತು. ಅವನ ತೋಳು ಸೋತು ಜೋಮು ಹಿಡಿಯಿತು. ಅವನು ಕೈ ಇಳಿಸಲಿಲ್ಲ.